ನಂಗೂ ಅರ್ಜೆಂಟಿತ್ತು

"ನೀವು ತಾಯಿ. ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ," ಎಂದರು ಸ್ಪ್ಯಾನಿಷ್ ವಿಭಾಗದ ಮೇಡಂ, ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ.

ಎದುರಿನ ಕುರ್ಚಿಯಲ್ಲಿ ಕೂತಿದ್ದ ಬಸ್ ಕಂಡಕ್ಟರಿಗೆ ಬಿಡಿಸಿ ಹೇಳದೆಯೇ ಅರ್ಥವಾಗಿತ್ತು. ಆದರೂ ಸುಮ್ಮನೆ ಕೂತಳು. ಬಿಡಿಸಿಯೇ ಹೇಳಲಿ. ಬೆಳಗಿನ ಪಾಳಿ ಮುಗಿಸಿ ಡಿಪೋದಿಂದ ನೇರ ಬಂದಿದ್ದಳು. ಸಮವಸ್ತ್ರದ ಕಾಲರು ಬೆವರಿಗೆ ಕುತ್ತಿಗೆಗೆ ಅಂಟಿತ್ತು, ಟಿಕೆಟ್ಟಿನ ಚರ್ಮದ ಚೀಲ ತೊಡೆಯ ಮೇಲೆ ದಪ್ಪ ಬೆಕ್ಕಿನ ಹಾಗೆ ಮಲಗಿತ್ತು.

"ಸ್ಪೇನಿಗೆ ಹೋಗಿ ಒಂದು ಸೆಮಿಸ್ಟರ್ ಓದಿ ಬರೋಕೆ ನಮಗಿರೋದು ಒಂದೇ ಸೀಟು," ಮೇಡಂ ಮುಂದುವರಿಸಿದರು. "ಬರೆದದ್ದು, ಮಾತಾಡಿದ್ದು ಎರಡೂ ಸೇರಿಸಿ ನೋಡಿದ್ವಿ. ಮೊದಲನೇ ಹೆಸರು ನಿಮ್ಮದು. ಎರಡನೇದು ನಿಮ್ಮ ಮಗಳದು."

ಅವಳ ಎದೆಯೊಳಗೆ ಯಾರೋ ಶಿಳ್ಳೆ ಊದಿದಂತಾಯಿತು. "ನಾನಾ ಮೇಡಂ? ಸರಿಯಾಗಿ ಕೂಡಿಸಿದ್ದೀರಾ?"

"ಸರಿಯಾಗೇ ಕೂಡಿಸಿದ್ದೀವಿ. ವ್ಯಾಕರಣದಲ್ಲಿ ಅವಳು ಮುಂದೆ. ನಿಮ್ಮ ವ್ಯಾಕರಣ ನಿಮ್ಮ ಬಸ್ಸಿನ ಹಾಗೇನೇ, ಎಲ್ಲಿ ಕೈ ತೋರಿಸಿದ್ರೆ ಅಲ್ಲಿ ನಿಲ್ಲತ್ತೆ. ಆದ್ರೆ ಮೌಖಿಕದಲ್ಲಿ ಪರೀಕ್ಷಕರ ಜೊತೆ ವಾದಕ್ಕೆ ಇಳಿದ್ರಲ್ಲ, ಕಥೆಗಳಲ್ಲಿ ವೀರರೆಲ್ಲ ಕುದುರೆ ಮೇಲೇ ಇರ್ತಾರೆ, ಲಾಯ ತೊಳೆಯೋಳು ಎಲ್ಲಿ ಅಂತ, ಅದನ್ನ ಅವರು ಇನ್ನೂ ಹೇಳ್ಕೊಂಡು ನಗ್ತಿದ್ದಾರೆ." ಮೇಡಂ ತಾವೂ ನಕ್ಕರು. ಆಮೇಲೆ ನಗುವನ್ನು ಮಡಿಸಿಟ್ಟರು. "ಆದ್ರೆ ನೋಡಿ, ಆ ಹುಡುಗಿಗೆ ಇನ್ನೂ ಇಡೀ ಬದುಕು ಮುಂದಿದೆ."

ಆ ವಿಭಾಗಕ್ಕೊಂದು ಹಳೆಯ ರೂಢಿಯಿತ್ತು. ಸೀಟು ಯಾರಿಗೆ ಬಂತೆಂಬುದನ್ನು ಗೋಡೆಗೆ ಅಂಟಿಸುತ್ತಿರಲಿಲ್ಲ. ತುಂಬಿದ ಕ್ಲಾಸಿನಲ್ಲಿ ಮೇಡಂ ಮೊದಲ ಹೆಸರು ಕೂಗಬೇಕು. ಹೆಸರಿನವರು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಸ್ಪ್ಯಾನಿಷಿನಲ್ಲಿ "ವೊಯ್ ಯೊ" ಅನ್ನಬೇಕು. ಹೋಗುವವಳು ನಾನು, ಎಂದು. ಅನ್ನದೆ ಕೂತರೆ ಮುಂದಿನ ಹೆಸರು. ಪರದೇಶಕ್ಕೆ ಹೊರಟವರಿಗೆ ಇಷ್ಟು ಮಂದಿಯ ಮುಂದೆ ಎದ್ದು ನಿಲ್ಲುವ ಎದೆಯಾದರೂ ಇರಲಿ ಎಂದು ಯಾರೋ ಹಳೆಯ ಮೇಷ್ಟ್ರು ಹಾಕಿಕೊಟ್ಟ ಪದ್ಧತಿ.

"ನಾಳೆ ಮಧ್ಯಾಹ್ನದ ಕ್ಲಾಸಲ್ಲಿ ಓದ್ತೀನಿ," ಮೇಡಂ ದನಿ ತಗ್ಗಿಸಿದರು. "ನೀವು ಅದಕ್ಕೆ ಮುಂಚೆ ಒಂದು ಮಾತು ಹೇಳಿದ್ರೆ ಸಾಕು. ನಾನು ನೇರ ಎರಡನೇ ಹೆಸರಿಂದ ಶುರು ಮಾಡ್ತೀನಿ. ಅವಳು ಮೊದಲಿಗಳಲ್ಲ ಅಂತ ಅವಳಿಗೂ ಗೊತ್ತಾಗಲ್ಲ, ಯಾರಿಗೂ ಗೊತ್ತಾಗಲ್ಲ. ಎಷ್ಟು ಚೆಂದ, ಅಲ್ವಾ?"

ತ್ಯಾಗ ಕೇಳುವವರು ಯಾವಾಗಲೂ ಮೆಲ್ಲಗೆ ಮಾತಾಡುತ್ತಾರೆ. ಕಸಿದುಕೊಳ್ಳುವವರ ಗಂಟಲು ದೊಡ್ಡದು, ಅವರ ಜೊತೆ ಜಗಳಕ್ಕಾದರೂ ಬೀಳಬಹುದು. ಈ ಮೆಲುದನಿಯವರು ನಿನ್ನ ಕೈಯಲ್ಲಿರುವುದನ್ನು ನೀನೇ ಎತ್ತಿ ಕೊಡುವಂತೆ ಮಾಡಿ, ಮೇಲೆ ಬೆನ್ನು ತಟ್ಟುತ್ತಾರೆ. ಮೇಡಂ ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಅವಳು ಆಗಲೇ ಎದ್ದು ಬರುತ್ತಿದ್ದಳು.

"ಯೋಚನೆ ಮಾಡಿ ಹೇಳ್ತೀನಿ ಮೇಡಂ," ಎಂದಳು.

ಈ ಡಿಗ್ರಿಗೆ ಅವಳು ಸೇರಿದ್ದು ಮಗಳ ಜಾಗ ಹಿಡಿದು ನಿಂತಿದ್ದಕ್ಕೆ. ದಾಖಲಾತಿಯ ದಿನ ಮಗಳು ಅಂಕಪಟ್ಟಿಯ ಜೆರಾಕ್ಸ್ ಮಾಡಿಸಲು ಓಡಿದ್ದಳು. ತಾಯಿ ಕ್ಯೂನಲ್ಲಿ ನಿಂತಿದ್ದಳು. ಕಿಟಕಿಯ ಮೇಲೆ 'ವಯಸ್ಸಿನ ಮಿತಿ ಇಲ್ಲ' ಎಂದು ಬರೆದಿತ್ತು. ಬರೆದವರು ಅದನ್ನು ಯಾರಾದರೂ ನಂಬಿಯಾರು ಅಂದುಕೊಂಡಿರಲಿಕ್ಕಿಲ್ಲ. ಅವಳ ಸರದಿ ಬಂತು, ಮಗಳು ಇನ್ನೂ ಬಂದಿರಲಿಲ್ಲ. ಒಳಗಿದ್ದ ಗುಮಾಸ್ತ ತಲೆಯೆತ್ತದೆ "ಎಷ್ಟು ಜನ?" ಎಂದ. ಜೀವಮಾನವಿಡೀ ಆ ಪ್ರಶ್ನೆಯನ್ನು ಕೇಳುತ್ತ ಬಂದವಳು ಅವಳು; ಅವಳನ್ನು ಯಾರೂ ಕೇಳಿರಲಿಲ್ಲ. ಬಾಯಿಂದ ತಾನಾಗಿ ಬಂದುಬಿಟ್ಟಿತು: "ಎರಡು ಕೊಡಿ."

ಮಗಳು ಒಂದು ವಾರ ಮಾತು ಬಿಟ್ಟಿದ್ದಳು. ಆಮೇಲೆ ಷರತ್ತು ಹಾಕಿ ರಾಜಿಯಾದಳು. "ಕ್ಲಾಸೊಳಗೆ ನೀನು ನನ್ನಮ್ಮ ಅಲ್ಲ, ನಾನು ನಿನ್ನ ಮಗಳಲ್ಲ. ನಾನು ಮುಂದಿನ ಬೆಂಚು, ನೀನು ಹಿಂದಿನ ಬೆಂಚು. ಊಟದ ಡಬ್ಬಿ ಹಿಡ್ಕೊಂಡು ಮುಂದೆ ಬಂದ್ಯೋ, ನಾನು ಕಾಲೇಜೇ ಬಿಟ್ಟುಬಿಡ್ತೀನಿ." ತಾಯಿ ಮಾತಿಗೆ ತಪ್ಪಲಿಲ್ಲ. ಹಿಂದಿನ ಬೆಂಚಿನಲ್ಲಿ ಅವಳು ಎಲ್ಲರಿಗೂ 'ಕಂಡಕ್ಟ್ರಮ್ಮ' ಆದಳು. ಹುಡುಗರು ಕ್ರಿಯಾಪದ ತಪ್ಪಾದೀತೆಂದು ಬಾಯಿ ಹೊಲಿದುಕೊಂಡು ಕೂತಿರುವಾಗ ಅವಳು ತಪ್ಪುಗಳ ಮೇಲೆಯೇ ನಡೆದುಕೊಂಡು ಆಚೆ ದಡ ಸೇರುತ್ತಿದ್ದಳು. ಗಿಜಿಗುಡುವ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಹೋಗುವವರು ಯಾರ ಕಾಲನ್ನೂ ತುಳಿಯದೆ ಹೋಗಲಾರರು. ತುಳಿಯಬೇಕು, 'ಸಾರಿ' ಅನ್ನಬೇಕು, ಮುಂದೆ ಹೋಗಬೇಕು.

ಬಸ್ಸು ಖಾಲಿಯಿರುವ ಟ್ರಿಪ್ಪಿನಲ್ಲಿ ಅವಳು ಸ್ಟಾಪುಗಳನ್ನೆಲ್ಲ ಸ್ಪ್ಯಾನಿಷಿನಲ್ಲಿ ಕೂಗುತ್ತಿದ್ದಳು. "ಪ್ರೊಕ್ಸಿಮಾ ಪರಾದಾ!" ಡ್ರೈವರಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿ, "ಏನ್ ತಂಗೀ, ಮುಂದಿನ ಸ್ಟಾಪು ಯಾವ ದೇಶದ್ದು? ಡೀಸೆಲ್ ಸಾಕಾಗತ್ತಾ?" ಅನ್ನುತ್ತಿದ್ದ.

ಅವಳಿಗೆ ಬೇಕಿದ್ದುದು ಬಹಳ ದೊಡ್ಡದೇನೂ ಅಲ್ಲ. ಗುರುತಿಲ್ಲದ ಊರಿನಲ್ಲಿ ಒಂದು ಬಸ್ಸು ಹತ್ತಬೇಕು. ಕಿಟಕಿಯ ಪಕ್ಕ ಕೂರಬೇಕು. ಟಿಕೆಟ್ಟನ್ನು ಬೇರೆ ಯಾರಾದರೂ ಕೇಳಬೇಕು. ಆಮೇಲೆ ತಪ್ಪು ಸ್ಟಾಪಿನಲ್ಲಿ ಇಳಿದು, ದಾರಿ ತಪ್ಪಿ, ಯಾರನ್ನೋ ನಿಲ್ಲಿಸಿ, ಅವರ ಮಾತಿನಲ್ಲೇ ಕೇಳಿ, ಅವರ ಮಾತಿನಲ್ಲೇ ಉತ್ತರ ಪಡೆಯಬೇಕು. ಅವಳು ಬದುಕಿನಲ್ಲಿ ಒಂದು ಸಲವೂ ದಾರಿ ತಪ್ಪಿರಲಿಲ್ಲ. ತಪ್ಪಲು ಯಾರೂ ಬಿಟ್ಟಿರಲಿಲ್ಲ. ಅದೇ ರೂಟು, ಅದೇ ಹಳ್ಳ, ಅದೇ ತಿರುವಿನಲ್ಲಿ ಕಂಬಿಗೆ ತಾಗುವ ಅದೇ ಸೊಂಟ.

ಸಂಜೆ ಮನೆಗೆ ಹೋದರೆ ನಡುಮನೆಯಲ್ಲಿ ಸೂಟ್‌ಕೇಸು.

ಅವಳ ಗಂಡ ಬೀಗ ರಿಪೇರಿಯವನು. ಪೇಟೆಯ ಮೂಲೆಯಲ್ಲಿ ಒಂದು ಬೀಡಾ ಡಬ್ಬಿಯಷ್ಟು ಅಂಗಡಿ; ಊರಿನವರೆಲ್ಲ ಕಳೆದುಕೊಂಡ ಕೀಲಿಗಳು ಅವನ ಅನ್ನ. ಯಾರೋ ರಿಪೇರಿಗೆ ಕೊಟ್ಟು ಮರೆತೇಬಿಟ್ಟಿದ್ದ ನೀಲಿ ಸೂಟ್‌ಕೇಸನ್ನು ಅವನು ಒರೆಸಿ, ಎಣ್ಣೆ ಹಾಕಿ, ಹೊಸ ಬೀಗ ಕೂರಿಸಿ ತಂದಿದ್ದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮದುವೆ ಗಂಡಿನ ಗುಣಗಾನ ಮಾಡುವವನ ಹಾಗೆ ಹೇಳಿದ: "ನೋಡು, ಚಕ್ರ ನಾಲ್ಕೂ ತಿರುಗತ್ತೆ. ಬೀಗ ನನ್ನದೇ. ಕಳ್ಳ ಬಂದ್ರೆ ಅವನೇ ಅಳಬೇಕು. ಕೀ ಎರಡು ಮಾಡಿದೀನಿ, ಒಂದು ಕಳೆದ್ರೆ ಇರ್ಲಿ ಅಂತ."

"ಯಾರಿಗೆ?" ಎಂದಳು ಅವಳು.

"ಯಾರಿಗೆ ಅಂದ್ರೆ? ಮಗಳಿಗೆ ಕಣೇ! ಸೀಟು ಅವಳದ್ದೇ ಅಂತೆ. ನಾಳೆ ಕೂಗೋದು ಬರೀ ಶಾಸ್ತ್ರ ಅಂತ ಕ್ಲಾಸಿನೋರೆಲ್ಲ ಹೇಳ್ತಿದ್ದಾರಂತೆ."

ಮಗಳು ಎರಡೂ ಕೀಲಿಗಳನ್ನು ಒಂದು ಉಂಗುರಕ್ಕೆ ಪೋಣಿಸಿ ಬೆರಳಲ್ಲಿ ಗಿರಗಿರ ತಿರುಗಿಸುತ್ತಿದ್ದಳು. "ಅಪ್ಪಾ, ಸುಮ್ನಿರು, ನಾಳೆ ಹೇಳ್ಲಿ ಮೊದ್ಲು," ಎಂದಳು. ಆದರೆ ಅವಳ ಬಟ್ಟೆಗಳಾಗಲೇ ಕಪಾಟಿನಿಂದ ಇಳಿದು ಮಂಚದ ಮೇಲೆ ಗುಡ್ಡೆ ಬಿದ್ದಿದ್ದವು.

ತಾಯಿ ಸಮವಸ್ತ್ರ ಬದಲಿಸಿ, ಮುಖ ತೊಳೆದು, ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಕೈಗೆ ಕೆಲಸ ಕೊಟ್ಟರೆ ಬಾಯಿ ಸುಮ್ಮನಿರುತ್ತದೆಂಬುದು ಹೆಂಗಸರಿಗೆ ಯಾರೋ ಕಲಿಸಿಟ್ಟ ಹಳೆಯ ಪಾಠ. ಒಂದೊಂದೇ ಅಂಗಿಯ ಸುಕ್ಕು ಬಿಡಿಸಿ, ಮಡಿಸಿ, ಸೂಟ್‌ಕೇಸಿನೊಳಗೆ ಇಟ್ಟಳು. ಇಡುತ್ತ ಇಡುತ್ತ ಮನಸ್ಸು ಸಡಿಲವಾಯಿತು. ಬಿಟ್ಟುಕೊಟ್ಟರೇನು? ಚಿಕ್ಕವಳು. ಹೋಗಲಿ. ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಅಂದುಕೊಂಡಾಗ ಒಂಥರಾ ಸುಖವೂ ಆಯಿತು. ನೋಯುವ ಹಲ್ಲನ್ನು ನಾಲಗೆಯಿಂದ ಒತ್ತಿದಾಗ ಆಗುವಂಥ ಸುಖ. ನಾಳೆ ಬೆಳಿಗ್ಗೆಯೇ ಮೇಡಂಗೆ ಫೋನ್ ಮಾಡಿಬಿಡುವುದು ಎಂದುಕೊಂಡಳು.

ಮಗಳು ಬಂದು ಹಿಂದಿನಿಂದ ಕುತ್ತಿಗೆ ತಬ್ಬಿಕೊಂಡಳು. ಬಹಳ ದಿನದ ಮೇಲೆ ತಬ್ಬಿದ್ದಳು. "ಅಮ್ಮಾ, ಅಲ್ಲಿಂದ ನಿಂಗೇನು ತರ್ಲಿ?"

"ಏನೂ ಬೇಡ ಬಿಡು."

"ಅಲ್ಲಿನ ಬಸ್ಸಿನ ಫೋಟೋ ಕಳಿಸ್ತೀನಿ, ದಿನಾ ಒಂದೊಂದು. ಮತ್ತೆ ಅಮ್ಮ, ಬೇಜಾರು ಮಾಡ್ಕೋಬೇಡ. ನೀನೂ ಚೆನ್ನಾಗೇ ಮಾಡಿದೀಯ, ನಿನ್ನ ಮಟ್ಟಕ್ಕೆ."

ಇಸ್ತ್ರಿಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಒಂದು ಕ್ಷಣ ಹೆಚ್ಚಿಗೆ ನಿಂತಿತು. ಬಟ್ಟೆ ಸುಡುವ ವಾಸನೆ ಬರುವ ಮುಂಚೆಯೇ ಅವಳು ಎತ್ತಿದಳು. "ಹೂಂ," ಎಂದಳು. "ನನ್ನ ಮಟ್ಟಕ್ಕೆ."

ಹುಡುಗಿ ಅದನ್ನು ಪ್ರೀತಿಯಿಂದಲೇ ಹೇಳಿದ್ದಳು. ಅದು ತಾಯಿಗೂ ಗೊತ್ತು.

ಮರುದಿನ ಬೆಳಿಗ್ಗೆ ಫೋನ್ ಮಾಡಲು ಆಗಲಿಲ್ಲ. ಮೊದಲ ಟ್ರಿಪ್ಪಿನಿಂದಲೇ ಬಸ್ಸು ಬಿರಿಯುವಷ್ಟು ಜನ. ಆಸ್ಪತ್ರೆಯ ಸ್ಟಾಪಿನಲ್ಲಿ ಕ್ಯೂ ತಿರುವಿನವರೆಗೂ ಬೆಳೆದಿತ್ತು. ಅವಳ ಬಸ್ಸಿಗೆ ಹತ್ತುವವರಿಗೆ ಒಂದು ಗೊತ್ತಿತ್ತು: ಈ ಕಂಡಕ್ಟರ್ ಕ್ಯೂ ಮುರಿಯಲು ಬಿಡುವುದಿಲ್ಲ. ಹೊಸಬರು ಬೈಯುತ್ತಿದ್ದರು, ಹಳಬರು ಹೊಸಬರನ್ನು ಬೈಯುತ್ತಿದ್ದರು. ಒಂದು ಸಲ ಜಡಿಮಳೆಯಲ್ಲಿ ಸ್ವಂತ ಮಗಳೇ ನಡುವೆ ನುಗ್ಗಿ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟಾಗ "ಇಳಿ, ಹಿಂದೆ ಹೋಗು" ಅಂದಿದ್ದಳು. ಹುಡುಗಿ ನೆನೆದು ತೊಪ್ಪೆಯಾಗಿ ಮನೆ ಸೇರಿ, ಅಪ್ಪನ ಹತ್ತಿರ ದೂರು ಹೇಳಿ ಅತ್ತಿದ್ದಳು.

ಇವತ್ತು ಕ್ಯೂನ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಒಬ್ಬ ಮುದುಕಿ ಕೈಚೀಲ ಎದೆಗವಚಿಕೊಂಡು ನಿಂತಿದ್ದಳು. ಒಳಗೆ ಇನ್ನು ಕಾಲಿಡಲು ಒಂದೋ ಎರಡೋ ಜಾಗ. ಮುದುಕಿಯ ಹಿಂದಿದ್ದ ಟೈ ಕಟ್ಟಿದವನು ಅವಳ ಭುಜದ ಮೇಲಿಂದ ಬಾಗಿ, "ಅಜ್ಜೀ, ನೀವು ಮುಂದಿನ ಬಸ್ಸಿಗೆ ಬನ್ನಿ. ನಿಮಗೇನು ಅರ್ಜೆಂಟು? ನಾವು ಕೆಲಸಕ್ಕೆ ಹೋಗೋರು," ಎಂದ. ಬಹಳ ನಯವಾಗಿಯೇ ಹೇಳಿದ. ಅವನ ಹಿಂದಿದ್ದವರೂ "ಹೌದಜ್ಜೀ, ಹೌದಜ್ಜೀ" ಎಂದರು. ಮುದುಕಿ ಕಿರುನಗೆ ನಕ್ಕು, ಏನೋ ಅಪರಾಧ ಮಾಡಿದವಳಂತೆ ಪಕ್ಕಕ್ಕೆ ಸರಿದಳು.

"ಅಜ್ಜೀ, ಹತ್ತಿ," ಎಂದಳು ಕಂಡಕ್ಟರ್.

"ಇರ್ಲಿ ಕಣಮ್ಮ. ಪಾಪ, ಹುಡುಗರು ಹೋಗ್ಲಿ."

"ಹುಡುಗರು ಆಮೇಲೆ. ನೀವು ಹತ್ತಿ."

"ಏನ್ರೀ ಮೇಡಂ, ಅವರೇ ಬಿಟ್ಟುಕೊಟ್ರಲ್ಲ!" ಟೈನವನು ಫುಟ್‌ಬೋರ್ಡಿಗೆ ಕಾಲು ಹಾಕಿದ.

ಕಂಡಕ್ಟರ್ ಶಿಳ್ಳೆ ಬಾಯಿಗಿಟ್ಟಳು. ಒಂದೇ ಒಂದು ಊದು. ಡ್ರೈವರಣ್ಣ ಇಂಜಿನ್ ಆರಿಸಿದ. ಇಂಜಿನ್ ನಿಂತ ಬಸ್ಸಿನೊಳಗೆ ಎಂಥ ಮೌನ ಹುಟ್ಟುತ್ತದೆಂದರೆ, ಒಳಗಿದ್ದವರೆಲ್ಲ ತಮ್ಮ ತಮ್ಮ ಉಸಿರು ತಾವು ಕೇಳಿಸಿಕೊಳ್ಳುತ್ತಾರೆ. "ಅಜ್ಜಿ ಹತ್ತೋವರೆಗೂ ಈ ಬಸ್ಸು ಇಲ್ಲೇ," ಎಂದಳು. "ಅವರು ಬಿಟ್ಟುಕೊಟ್ಟಿದ್ದಲ್ಲ ಸಾರ್, ನೀವು ಬಿಡಿಸ್ಕೊಂಡಿದ್ದು."

ಮುದುಕಿ ಹತ್ತಿದಳು. ಒಳಗಿದ್ದ ಒಬ್ಬ ಎದ್ದು ಕಿಟಕಿಯ ಸೀಟು ಕೊಟ್ಟ. ಟಿಕೆಟ್ ಹರಿಯುತ್ತ ಕಂಡಕ್ಟರ್ ಅವಳ ಹತ್ತಿರ ಬಂದಾಗ ಮುದುಕಿ ತೋಳು ಹಿಡಿದು ಬಗ್ಗಿಸಿಕೊಂಡು, ಗುಟ್ಟು ಹೇಳುವವಳ ಹಾಗೆ ಕಿವಿಯಲ್ಲಿ ಹೇಳಿದಳು: "ನಂಗೂ ಅರ್ಜೆಂಟಿತ್ತು ಕಣಮ್ಮ. ಯಾರೂ ಕೇಳ್ಲಿಲ್ಲ ಅಷ್ಟೆ."

ಕಂಡಕ್ಟರ್ ಕಂಬಿ ಹಿಡಿದು ನಿಂತೇಬಿಟ್ಟಳು. ಮುಂದಿನ ಸ್ಟಾಪು ಬಂತು, ಶಿಳ್ಳೆ ಊದುವುದು ಮರೆತುಹೋಯಿತು. ಯಾರೋ "ಹೋಲ್ಡಾನ್, ಹೋಲ್ಡಾನ್!" ಎಂದು ಬಸ್ಸಿನ ತಗಡು ಬಡಿದರು.

ಪಾಳಿ ಮುಗಿದು ಡಿಪೋದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದಾಗ ಅವಳು ಡ್ರೈವರಣ್ಣನಿಗೆ ವಿಷಯ ಹೇಳಿದಳು. ಬೇರೆ ಯಾರಿಗೂ ಹೇಳಿರಲಿಲ್ಲ. ಅವನು ತುತ್ತು ನುಂಗಿ, ನೀರು ಕುಡಿದು, ಬಾಯಿ ಒರೆಸಿಕೊಂಡ.

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಂತೆ, ಹಂಗಾಯ್ತು ನಿನ್ನ ಕತೆ," ಎಂದ. "ಬಿಟ್ಟುಕೊಟ್ಟು ಏನ್ಮಾಡ್ತೀಯ? ಇನ್ನೂ ನನ್ನ ತಲೆ ತಿಂತೀಯ, ಪ್ರೊಕ್ಸಿಮಾ ಪ್ರೊಕ್ಸಿಮಾ ಅಂತ."

"ಮಗಳು ಕಣಣ್ಣ."

"ಮಗಳೇ. ನಿನ್ನ ಮಗಳು ಸೆಕೆಂಡ್ ಬಂದ್ರೆ ಭೂಮಿ ನಿಲ್ಲತ್ತಾ? ನನ್ನ ಮಗ ಇದುವರೆಗೂ ಯಾವ್ದ್ರಲ್ಲೂ ಬಂದಿಲ್ಲ, ಚೆನ್ನಾಗೇ ಉಣ್ತಿದ್ದಾನೆ."

ಅವಳಿಗೆ ನಗು ಬಂತು. ನಗುತ್ತ ನಗುತ್ತ ಎದ್ದು ಕೈ ತೊಳೆದು, ಕಾಲೇಜಿನ ದಾರಿ ಹಿಡಿದಳು.

ವಿಭಾಗದ ಕೋಣೆಯಲ್ಲಿ ಮೇಡಂ ಒಬ್ಬರೇ ಇದ್ದರು. ಅವಳು ಕೂರಲಿಲ್ಲ.

"ನನ್ನ ಹೆಸರು ಕೂಗಿ ಮೇಡಂ. ಮೊದಲು ನಂದು."

ಮೇಡಂ ಅವಳನ್ನೇ ನೋಡಿದರು. "ಚೆನ್ನಾಗಿ ಯೋಚನೆ ಮಾಡಿದ್ರಾ? ಮನೇಲಿ ಏನಾಗತ್ತೆ ಗೊತ್ತಲ್ಲ? ಕೊನೇ ವರ್ಷ, ಅವಳಿಗೂ ಇನ್ನೊಂದು ಅವಕಾಶ ಇಲ್ಲ. ನಾನಾಗಿದ್ರೆ ಬಿಟ್ಟುಕೊಡ್ತಿದ್ದೆ."

"ಬಿಟ್ಟುಕೊಟ್ಟಿದ್ದೀರಾ ಮೇಡಂ, ಯಾವಾಗ್ಲಾದ್ರೂ?"

ಪೆನ್ನಿನ ಮುಚ್ಚಳ ಅರ್ಧಕ್ಕೆ ನಿಂತಿತು. ಮೇಡಂ ಕಿಟಕಿಯ ಕಡೆ ನೋಡಿದರು. ಹೊರಗೆ ಹುಡುಗರು ಸೈಕಲ್ ನಿಲ್ಲಿಸುವ ಸದ್ದು. "ಕ್ಲಾಸಿಗೆ ಹೊತ್ತಾಯ್ತು, ನಡೀರಿ," ಎಂದರು ಕೊನೆಗೆ.

ಕ್ಲಾಸು ತುಂಬಿತ್ತು. ಮುಂದಿನ ಬೆಂಚಿನಲ್ಲಿ ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕೂದಲನ್ನು ಎತ್ತಿ ಕಟ್ಟಿದ್ದಳು, ಎದ್ದು ನಿಂತಾಗ ಚೆನ್ನಾಗಿ ಕಾಣಲೆಂದು. ಪಕ್ಕದ ಹುಡುಗಿ ಅವಳ ಮೊಣಕೈ ತಿವಿದು ನಗುತ್ತಿದ್ದಳು. ಹಿಂದಿನ ಬೆಂಚಿನಿಂದ ತಾಯಿಗೆ ಕಾಣುತ್ತಿದ್ದುದು ಆ ಕುತ್ತಿಗೆ ಮಾತ್ರ. ಹೆತ್ತ ದಿನದಿಂದ ನೋಡಿದ ಕುತ್ತಿಗೆ. ಅದನ್ನು ನೋಡಬಾರದಿತ್ತು. ನೋಡಿದಳು. ಬೇಡ ಅನ್ನಲು ಈಗಲೂ ಸಮಯವಿತ್ತು. ಸುಮ್ಮನೆ ಕೂತರಾಯಿತು, ಬಾಯಿ ತೆರೆಯದಿದ್ದರಾಯಿತು. ಬಿಟ್ಟುಕೊಡುವುದು ಎಷ್ಟು ಸುಲಭ ಮಾಡಿಟ್ಟಿದ್ದಾರೆ ನೋಡಿ! ಅದಕ್ಕೆ ಎದ್ದು ನಿಲ್ಲಬೇಕಾಗಿಯೂ ಇಲ್ಲ.

ಮೇಡಂ ಹಾಳೆ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಮೊದಲ ಹೆಸರು ಕೂಗಿದರು.

ತಲೆಗಳೆಲ್ಲ ಅಭ್ಯಾಸದಂತೆ ಮುಂದಿನ ಬೆಂಚಿಗೆ ಹೊರಳಿದವು. ಮಗಳು ಅರ್ಧ ಎದ್ದೂ ಇದ್ದಳು. ಕೂಗಿದ ಹೆಸರು ಕಿವಿಯಿಂದ ತಲೆಗೆ ಹೋಗುವಷ್ಟರಲ್ಲಿ ಅವಳ ಮೊಣಕಾಲು ಅಲ್ಲೇ ಗಾಳಿಯಲ್ಲಿ ನಿಂತಿತು.

ಹಿಂದಿನಿಂದ ಬೆಂಚು ಕರಕರ ಸದ್ದು ಮಾಡಿತು. ಕಂಡಕ್ಟರ್ ಎದ್ದು ನಿಂತಳು. ಸಮವಸ್ತ್ರದಲ್ಲಿದ್ದಳು, ಬದಲಿಸಲು ಹೊತ್ತಾಗಿರಲಿಲ್ಲ. ವರ್ಷಗಟ್ಟಲೆ ಚೀಲ ಹೊತ್ತು ಒಂದು ಭುಜ ಇನ್ನೊಂದಕ್ಕಿಂತ ತಗ್ಗಾಗಿತ್ತು. ಬಸ್ಸಿನ ಈ ಬಾಗಿಲಿಂದ ಆ ಬಾಗಿಲಿಗೆ ಮುಟ್ಟಿಸುವ ದನಿಯಲ್ಲಿ, ಒಂದಿಷ್ಟೂ ತಗ್ಗಿಸದೆ, "ವೊಯ್ ಯೊ!" ಎಂದಳು.

ಕಿಟಕಿಯ ಗಾಜು ಅದುರಿತೆಂದು ಆಮೇಲೆ ಹುಡುಗರು ಹೇಳಿಕೊಂಡರು. ಹಿಂದಿನ ಬೆಂಚಿನ ಹುಡುಗರು ಮೇಜು ಕುಟ್ಟತೊಡಗಿದರು, "ಕಂಡಕ್ಟ್ರಮ್ಮ! ಕಂಡಕ್ಟ್ರಮ್ಮ!" ಎಂದು. ಕುಟ್ಟುವ ಸದ್ದಿನ ನಡುವೆ ಮಗಳು ಮೆಲ್ಲನೆ ಕೂತಳು. ಹಿಂತಿರುಗಿ ನೋಡಲಿಲ್ಲ. ಕೂದಲಿಗೆ ಕಟ್ಟಿದ್ದ ರಿಬ್ಬನ್ನನ್ನು ಎಳೆದು ಬಿಚ್ಚಿ, ಮುಷ್ಟಿಯೊಳಗೆ ಸುತ್ತಿಕೊಂಡಳು.

ಸಂಜೆ ಬೀಗದಂಗಡಿಯವನಿಗೆ ಸುದ್ದಿ ಮುಟ್ಟಿದ್ದು ಮಗಳಿಂದಲೇ. ಅವನು ಅಂಗಡಿ ಬೇಗ ಮುಚ್ಚಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಂಡತಿಯನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

"ನಿಜವಾ?"

"ನಿಜ."

"ಡಿಪೋ?"

"ಸಂಬಳವಿಲ್ಲದ ರಜೆ ಇದೆ. ಕೇಳಿದೀನಿ."

"ಮನೆ?"

"ಮನೆ ಇಲ್ಲೇ ಇರತ್ತೆ, ನಾನು ತಗೊಂಡು ಹೋಗಲ್ಲ."

"ಅದಲ್ಲ ಕಣೇ, ಅಡುಗೆ ಗಿಡುಗೆ..."

"ಊರೋರ ಬೀಗ ಎಲ್ಲಾ ತೆಗೀತೀಯ. ಒಂದು ಒಲೆ ಹಚ್ಚೋಕೆ ಬರಲ್ವಾ?"

ಅವನು ತಲೆ ಕೆರೆದುಕೊಂಡ. ಬೇಸರವೋ, ಗಾಬರಿಯೋ, ಹೆಮ್ಮೆಯೋ ಅವನಿಗೇ ತಿಳಿಯದ ಏನೋ ಒಂದು ಅವನ ಮುಖದಲ್ಲಿ ಓಡಾಡಿತು. "ನಂಗೆ ಯಾಕೋ ಮೊದಲೇ ಅನುಮಾನ ಇತ್ತು," ಎಂದ ಕೊನೆಗೆ. "ಕ್ಯೂನಲ್ಲಿ ನಿಲ್ಲು ಅಂದ್ರೆ ಎರಡು ತಗೊಂಡ್ಯಲ್ಲ, ಅವತ್ತೇ."

ಮಗಳು ಕೋಣೆಯಲ್ಲಿದ್ದಳು. ಸೂಟ್‌ಕೇಸು ತೆರೆದಿತ್ತು. ಇಸ್ತ್ರಿಯಾದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮಂಚದ ಮೇಲೆ ಎಸೆಯುತ್ತಿದ್ದಳು. ತಾಯಿ ಬಾಗಿಲಲ್ಲಿ ನಿಂತಿದ್ದು ಕಂಡರೂ ಕೈ ನಿಲ್ಲಲಿಲ್ಲ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಿನ್ನೆ ಇದನ್ನೆಲ್ಲ ಇಸ್ತ್ರಿ ಮಾಡ್ತಿದ್ದಾಗ್ಲೂ?"

"ಆಗ್ಲೂ."

"ಮತ್ಯಾಕೆ ಮಾಡ್ದೆ? ನನ್ನನ್ನ ನೋಡಿ ಒಳಗೊಳಗೇ ನಗೋಕಾ?"

"ಬಿಟ್ಟುಕೊಡಬೇಕು ಅಂತಿದ್ದೆ. ಮೇಡಂ ಹೇಳಿದ್ರು, ಯಾರಿಗೂ ಗೊತ್ತಾಗದ ಹಾಗೆ ಮಾಡ್ತೀನಿ ಅಂತ."

ಮಗಳ ಕೈ ಈಗ ನಿಂತಿತು. "ಬಿಟ್ಟುಕೊಟ್ಟಿದ್ರೆ ನಂಗೆ ಹೇಳ್ತಿದ್ಯಾ? ಯಾವತ್ತಾದ್ರೂ?"

ತಾಯಿ ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದಳು.

"ಅಂದ್ರೆ ನಾನು ಸಾಯೋವರೆಗೂ ನಾನೇ ಫಸ್ಟು ಅಂದ್ಕೊಂಡು ಮೆರೀತಿದ್ದೆ. ನೀನು ಮೂಲೇಲಿ ಕೂತು ನನ್ನ ನೋಡಿ ಪಾಪ ಅಂತಿದ್ದೆ." ಹುಡುಗಿಯ ದನಿ ಒಡೆಯಿತು. "ಥೂ. ಅದು ಇದಕ್ಕಿಂತ ಅಸಹ್ಯ."

"ಹೌದು."

"ಆದ್ರೂ ನಂಗೆ ಕೋಪ ಇದೆ. ನಂಗೆ ಅದು ಬೇಕಿತ್ತು. ಬಹಳ ಬೇಕಿತ್ತು."

"ಗೊತ್ತು. ನಂಗೂ ಬೇಕಿತ್ತು. ಯಾರೂ ಕೇಳ್ಲಿಲ್ಲ."

ಮಗಳು ಕೊನೆಯ ಅಂಗಿಯನ್ನೂ ತೆಗೆದಳು. ಖಾಲಿ ಸೂಟ್‌ಕೇಸನ್ನು ಕಾಲಲ್ಲಿ ಒದ್ದಳು. ಅಪ್ಪ ಎಣ್ಣೆ ಹಾಕಿದ್ದ ಚಕ್ರಗಳು ನಾಲ್ಕೂ ಸಲೀಸಾಗಿ ತಿರುಗಿ, ಅದು ನೆಲದ ಮೇಲೆ ಜಾರಿಕೊಂಡು ಬಂದು ತಾಯಿಯ ಕಾಲಿಗೆ ತಾಗಿ ನಿಂತಿತು. ಅದರ ಮೇಲೆ ಒಂದು ಕೀಲಿಯಿತ್ತು. ಒಂದೇ.

ಆಮೇಲೆ ಮಾತಿಲ್ಲ. ಒಂದೇ ಮನೆಯಲ್ಲಿ, ಒಂದೇ ಕ್ಲಾಸಿನಲ್ಲಿ, ಒಂದು ಬೆಕ್ಕು ಇನ್ನೊಂದನ್ನು ದಾಟಿ ಹೋಗುವ ಹಾಗೆ ಇಬ್ಬರೂ ಓಡಾಡಿದರು. ಅಪ್ಪ ನಡುವೆ ಅಂಚೆಯವನಾದ. "ಅಪ್ಪಾ, ನಿನ್ನ ಹೆಂಡ್ತಿಗೆ ಹೇಳು, ಸಾರಿಗೆ ಉಪ್ಪಿಲ್ಲ ಅಂತ." "ಸಾರು ಮಾಡಿದ್ದು ನಾನಮ್ಮಾ." ಒಲೆ ಹಚ್ಚುವುದನ್ನು ಅವನು ಆಗಲೇ ಶುರು ಮಾಡಿದ್ದ, ಕೈ ಸುಟ್ಟುಕೊಂಡೂ ಆಗಿತ್ತು. ತಾಯಿ ಕ್ಷಮೆ ಕೇಳಲಿಲ್ಲ. ಕೇಳುವಂಥದ್ದೇನನ್ನೂ ಮಾಡಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಎರಡೂ ನಿಜ.

ಹೊರಡುವ ವಾರ ಬಂತು. ಅವಳ ಕೊನೆಯ ಪಾಳಿಯ ದಿನ, ಮಧ್ಯಾಹ್ನದ ಟ್ರಿಪ್ಪು. ಪೇಟೆಯ ಸ್ಟಾಪಿನಲ್ಲಿ ಕ್ಯೂ ಚಿಕ್ಕದಿತ್ತು. ಎಲ್ಲರಿಗಿಂತ ಹಿಂದೆ ಮಗಳು ನಿಂತಿದ್ದಳು. ಮುಂದಿನವರೆಲ್ಲ ಹತ್ತುವವರೆಗೂ ಕಾದು, ಆಮೇಲೆ ಹತ್ತಿ, ಕಿಟಕಿಯ ಪಕ್ಕ ಕೂತಳು.

"ಎಲ್ಲಿಗೆ?" ಎಂದಳು ಕಂಡಕ್ಟರ್. ಎಲ್ಲರನ್ನೂ ಕೇಳುವ ದನಿಯಲ್ಲೇ.

"ಕೊನೇ ಸ್ಟಾಪು."

ಮಗಳು ಚಿಲ್ಲರೆಗೆಂದು ಪರ್ಸು ಬಿಚ್ಚಿದಳು. ನಾಣ್ಯಗಳ ನಡುವೆ ಸೂಟ್‌ಕೇಸಿನ ಇನ್ನೊಂದು ಕೀಲಿ ಹೊಳೆಯಿತು. ತಾಯಿ ನೋಡಿದಳು, ನೋಡದವಳಂತೆ ಟಿಕೆಟ್ ಹರಿದು ಕೊಟ್ಟಳು.

ಕಾಲೇಜಿನ ಸ್ಟಾಪು ಬಂತು, ಹೋಯಿತು. ಮಗಳು ಇಳಿಯಲಿಲ್ಲ. ಒಬ್ಬೊಬ್ಬರಾಗಿ ಇಳಿದು ಬಸ್ಸು ಖಾಲಿಯಾಯಿತು. ಕೊನೆಯ ಸ್ಟಾಪಿನ ಬಯಲಿನಲ್ಲಿ ಡ್ರೈವರಣ್ಣ ಬಸ್ಸು ತಿರುಗಿಸಿ ನಿಲ್ಲಿಸಿದ. ಇನ್ನೊಂದು ಟ್ರಿಪ್ಪಿಗೆ ಸ್ವಲ್ಪ ಹೊತ್ತಿತ್ತು. ತಾಯಿ ಚೀಲ ಬಿಚ್ಚಿ ಸೀಟಿನ ಮೇಲಿಟ್ಟು, ನಡುವೆ ಒಂದು ಸೀಟು ಬಿಟ್ಟು ಕೂತಳು.

ಮಗಳು ಕಿಟಕಿಯ ಕಡೆಯೇ ನೋಡುತ್ತ, ಸಿಡುಕಿನಿಂದ ಕೇಳಿದಳು: "ಅಲ್ಲಿ ದಾರಿ ತಪ್ಪಿದ್ರೆ ಹೇಗೆ ಕೇಳ್ತೀಯ? ಹೇಳು ನೋಡೋಣ."

ತಾಯಿ ಸ್ಪ್ಯಾನಿಷಿನಲ್ಲಿ ಹೇಳಿದಳು.

"ತಪ್ಪು. ಅವರು ನಗ್ತಾರೆ ಅಷ್ಟೆ. ಇನ್ನೊಂದ್ಸಲ."

ತಾಯಿ ಇನ್ನೊಂದು ಸಲ ಹೇಳಿದಳು.

"ಇನ್ನೂ ತಪ್ಪು. ಕಿರುಚಬೇಡ. ನಿಧಾನಕ್ಕೆ. ಇನ್ನೊಂದ್ಸಲ."

ಡ್ರೈವರಣ್ಣ ಇಂಜಿನ್ ಆರಿಸಿದ. ಕನ್ನಡಿಯನ್ನು ಬೇರೆ ಕಡೆಗೆ ತಿರುಗಿಸಿಟ್ಟು, ಬಾಗಿಲು ತೆಗೆದು ಕೆಳಗಿಳಿದ. ಬಯಲಿನ ಗಾಳಿ ಈ ಬಾಗಿಲಿಂದ ಬಂದು ಆ ಬಾಗಿಲಿಂದ ಹೋಗುತ್ತಿತ್ತು. ಖಾಲಿ ಬಸ್ಸಿನೊಳಗೆ ಎರಡು ದನಿ, ಒಂದರ ಹಿಂದೆ ಒಂದು, ಅದೇ ಒಂದು ವಾಕ್ಯವನ್ನು ಹೇಳುತ್ತಲೇ ಇದ್ದವು.